ಬಾಯಿ ಒರೆಸದ ಬಾಟ್ಲಿ

ಸಂಜಯ ಬಾಟ್ಲಿಯ ಬಾಯಿ ಒರೆಸಲಿಲ್ಲ.

ದೋಸೆಯ ಮೇಲೆ ಪಾಕದಂಥ ಜೋನಿ ಬೆಲ್ಲ ಹಾಕಿಕೊಂಡ, ಬಾಟ್ಲಿಯನ್ನು ಪಕ್ಕಕ್ಕಿಟ್ಟ, ದೋಸೆ ಮುರಿದು ಬಾಯಿಗಿಟ್ಟ. ಅಷ್ಟೇ. ಅವನ ಬೆರಳು ಮುಚ್ಚಳದ ಹತ್ತಿರ ಸುಳಿಯಲೂ ಇಲ್ಲ.

ಎದುರಿಗೆ ಕೂತಿದ್ದ ಹೊನ್ನಮ್ಮ ಚಹಾದ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು.

ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಊರವರ ತಕರಾರುಗಳಲ್ಲಿ ಮೂಗು ತೂರಿಸುವ ಚಾಳಿಯನ್ನು ಹೊನ್ನಮ್ಮ ಬಿಟ್ಟಿರಲಿಲ್ಲ. ಊರವರೂ ಬಿಡಲು ಕೊಟ್ಟಿರಲಿಲ್ಲ. ಭಟ್ಕಳದಿಂದ ಕುಮಟಾದವರೆಗೆ ಅವಳು ಕೂತು ದೋಸೆ ತಿನ್ನದ ಅಡುಗೆಮನೆ ಅಪರೂಪ. ಜೋನಿ ಬೆಲ್ಲ ಸುರುವಿದ ಮೇಲೆ ಬಾಟ್ಲಿಯ ಬಾಯಿಯನ್ನು ತೋರುಬೆರಳಿನಿಂದ ಒರೆಸಿ, ಆ ಬೆರಳನ್ನು ನೆಕ್ಕದ ಒಬ್ಬನೇ ಒಬ್ಬ ಮನುಷ್ಯನನ್ನು ಅವಳು ಇದುವರೆಗೆ ಕಂಡದ್ದಿಲ್ಲ. ಭಟ್ಟರಿರಲಿ, ಮಾಸ್ತರರಿರಲಿ, ಮಂಗಳೂರಿನಿಂದ ಬಂದ ದೊಡ್ಡ ಸಾಹೇಬರಿರಲಿ, ಎಲ್ಲರೂ ನೆಕ್ಕುವವರೇ. ಒರೆಸದೆ ಬಿಟ್ಟರೆ ಬೆಲ್ಲ ಅಂಟಂಟಾಗಿ ಕೆಳಗಿಳಿಯುತ್ತದೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಇರುವೆಗಳ ಸಾಲು ಹತ್ತುತ್ತದೆ. ಈ ಕರಾವಳಿಯಲ್ಲಿ ಹುಟ್ಟಿದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಸಂಜಯನ ಕೈ ಅದನ್ನು ಮರೆತಿತ್ತು.

ಅವನು ಭಟ್ಕಳದ ದೊಡ್ಡ ಬಾಟ್ಲಿ ವ್ಯಾಪಾರಿ. ಜೇನುತುಪ್ಪಕ್ಕೆ, ಕೊಬ್ಬರಿ ಎಣ್ಣೆಗೆ, ಕೋಕಂ ಶರಬತ್ತಿಗೆ, ಯಾವುದಕ್ಕೆ ಬಾಟ್ಲಿ ಬೇಕಾದರೂ ಸುತ್ತಲಿನ ಮಂದಿ ಅವನ ಅಂಗಡಿಗೇ ಬರಬೇಕು. ನಿನ್ನೆ ಸಂಜೆ ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊನ್ನಮ್ಮ ಬಾಟ್ಲಿ ಒತ್ತಿದರಷ್ಟೇ ಬಾಯಿ ಬಿಡುವ ಈ ಮುಚ್ಚಳವನ್ನು ಅಂಗೈಯಲ್ಲಿಟ್ಟು ತೋರಿಸಿದಾಗ, "ಇಂಥದ್ದು ನಾ ಕಂಡವ್ನೇ ಅಲ್ಲ" ಎಂದು ದೇವರ ಫೋಟೋ ಕಡೆ ಕೈ ಮಾಡಿ ಹೇಳಿದ್ದ.

ಇವತ್ತು ಅವಳು ಅದೇ ಮುಚ್ಚಳವನ್ನು ಒಂದು ಬೆಲ್ಲದ ಬಾಟ್ಲಿಗೆ ಹಾಕಿಕೊಂಡು, ಅವನ ತಿಂಡಿಯ ಹೊತ್ತಿಗೆ ಸರಿಯಾಗಿ ಬಂದು ಕೂತಿದ್ದಳು.

"ಇನ್ನೊಂಚೂರು ಹಾಕ್ಕಳಿ ಸಂಜಯರೇ. ಹೊಸಾ ಬೆಲ್ಲ" ಎಂದಳು.

ಬೇಡವೆನ್ನಲು ಅವನಿಗೆ ಕಾರಣ ಸಿಗಲಿಲ್ಲ. ಬಾಟ್ಲಿಯನ್ನು ಬೋರಲು ಹಿಡಿದು ಒತ್ತಿದ. ಬೆಲ್ಲ ನೂಲಿನಂತೆ ಇಳಿಯಿತು. ಆಮೇಲೆ ಬಾಟ್ಲಿ ಇನ್ನೂ ಬೋರಲಾಗಿದ್ದಾಗಲೇ ಬೆರಳುಗಳನ್ನು ಸಡಿಲ ಬಿಟ್ಟ. ತುಟಿ ಎರಡು ಸಲ ಅಲುಗಿತು. ನಂತರವೇ ಬಾಟ್ಲಿಯನ್ನು ನೆಟ್ಟಗೆ ಮಾಡಿ ಇಟ್ಟ. ಮುಚ್ಚಳದ ನೆತ್ತಿ ತೊಳೆದಿಟ್ಟ ಲೋಟದಷ್ಟು ಸ್ವಚ್ಛವಾಗಿತ್ತು.

"ಎಂತ ಎಣಿಸಿದ್ರಿ?" ಹೊನ್ನಮ್ಮ ಕೇಳಿದಳು.

"ಎಣಿಸೂದಾ? ನಾನಾ?"

"ಒಂದು, ಎರಡು ಅಂತ ತುಟಿ ಆಡ್ತಲ್ಲ."

ಸಂಜಯನ ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು.

"ಎಂಟು ದಿನ ಆತು ಈ ಮುಚ್ಚಳ ನನ್ನ ಕೈಗೆ ಬಂದು" ಎಂದಳು ಹೊನ್ನಮ್ಮ. "ಎಂಟು ದಿನವೂ ಹನಿ ಬಿತ್ತು, ಎಂಟು ದಿನವೂ ಬೆರಳು ನೆಕ್ಕಿದೆ. ಇದ್ರ ಬದ್ಲು ನಮ್ಮನೆ ಹಳೇ ಬಾಟ್ಲಿಯೇ ಅಡ್ಡಿಲ್ಲ ಅಂತ ಬೈಕಂಡೆ. ನೀವು ನೋಡಿದ್ರೆ, ಕಂಡೇ ಇಲ್ಲದ ಮುಚ್ಚಳದಲ್ಲಿ ಮೊದಲ್ನೇ ಸಲಕ್ಕೇ ಹನಿ ಬೀಳ್ದಾಂಗೆ ಹಾಕ್ಕಂಡ್ರಿ. ಒರೆಸೂದು ಹಾಳಾಗ್ಲಿ, ಬಾಟ್ಲಿ ಕಡೆ ತಿರುಗಿಯೂ ನೋಡ್ಲಿಲ್ಲ. ಇದು ಹೊಸಬರ ಕೈ ಅಲ್ಲ."

"ಕೈ ನೋಡಿ ಕಳ್ಳ ಅಂದ್ಬಿಡ್ತೀರಾ ಅಕ್ಕಾ?"

"ಕಳ್ಳ ಅಂದ್ನಾ ನಾ? ಆ ಮಾತು ನೀವೇ ತೆಗ್ದದ್ದು."

ಸಂಜಯ ಎದ್ದು ಹೋಗಿ ಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ ಬಂದ. ಹೊರಗೆ ಯಾರೋ ಗಿರಾಕಿ ನವಾಯತಿ ಭಾಷೆಯಲ್ಲಿ ಡಬ್ಬಿಗಳ ಬಗ್ಗೆ ವಿಚಾರಿಸುತ್ತಿದ್ದರು. ಅವನು ಅತ್ತ ಲಕ್ಷ್ಯ ಕೊಡಲಿಲ್ಲ.

ಹೊನ್ನಮ್ಮ ಕಾದಳು. ಇಲಾಖೆಯಲ್ಲಿ ಅವಳು ಕಲಿತ ವಿದ್ಯೆ ಅದೊಂದೇ. ಎದುರಿನವನು ಬಾಗಿಲು ಮುಚ್ಚಿದ ಮೇಲೆ ಪ್ರಶ್ನೆ ಕೇಳಬಾರದು, ಅವನೇ ಶುರು ಮಾಡುತ್ತಾನೆ.

"ನಾ ಕದ್ದದ್ದಲ್ಲ" ಎಂದ ಸಂಜಯ. "ಆ ಮುಚ್ಚಳದ ಅಚ್ಚು ನನ್ನ ಹತ್ರ ಇಲ್ಲವೇ ಇಲ್ಲ. ಶನಿವಾರದವರೆಗೆ ಹೆಸರು ಹೇಳೂದಿಲ್ಲ ಅಂತ ಒಬ್ರಿಗೆ ಮಾತು ಕೊಟ್ಟಿದ್ದೆ, ಅಷ್ಟೇ."

"ಮಾತು ಕೊಟ್ಟದ್ದು ಯಾರಿಗೆ?"

"ಅಕ್ಕಾ, ಬೇಡ."

"ಕುಮಟಾದ ವಿಶ್ವನಾಥರ ಮೂರು ವರ್ಷದ ಕೆಲ್ಸ ಅದು. ಕಪಾಟಿನ ಬೀಗ ತೆಗ್ದು ಒಯ್ದಿದ್ರು. ಕಳುವಿನ ಸಾಮಾನು ಯಾರ ಹತ್ರ ಉಂಟು ಅಂತ ಗೊತ್ತಿದ್ದೂ ಬಾಯಿ ಮುಚ್ಕಂಡವ್ರಿಗೆ ಸ್ಟೇಷನ್ನಲ್ಲಿ ಕುರ್ಚಿ ಕೊಡೂದಿಲ್ಲ ಸಂಜಯರೇ. ನಾ ನಿವೃತ್ತಿ ಆದವ್ಳು ಹೌದು. ದಾರಿ ಇನ್ನೂ ಮರ್ತಿಲ್ಲ."

ಆ ಕಳುವಿನಲ್ಲಿ ಹೋದದ್ದು ಎರಡೇ ವಸ್ತು. ಮುಚ್ಚಳದೊಳಗೆ ಕೂರುವ ಗುಂಡಿಯಂಥ ಸಣ್ಣ ರಬ್ಬರ್ ಬಿಲ್ಲೆಯನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚು ಒಂದು. ಆ ಬಿಲ್ಲೆಯ ನಡುವೆ ಬ್ಲೇಡಿನಿಂದ ಎಷ್ಟು ಉದ್ದ, ಎಷ್ಟು ಆಳ ಸೀಳಬೇಕೆಂದು ಬರೆದಿಟ್ಟ ಅಳತೆಯ ಪುಸ್ತಕ ಇನ್ನೊಂದು. ಸೀಳು ಒಂದು ಕೂದಲೆಳೆ ಹೆಚ್ಚಾದರೆ ಬಾಟ್ಲಿ ಸೋರುತ್ತದೆ, ಕಡಿಮೆಯಾದರೆ ಬೆಲ್ಲ ಹೊರಗೇ ಬರುವುದಿಲ್ಲ. ಇವೆರಡನ್ನೂ ಹಿಡಿದು ಮೊದಲು ಪೇಟೆಂಟ್ ಅರ್ಜಿ ಹಾಕಿದವರದ್ದೇ ಮುಚ್ಚಳ. ಪೊಲೀಸರಿಗೆ ಹೇಳಿದರೆ ಸುದ್ದಿ ಹರಡಿ ಇನ್ಯಾರಾದರೂ ಮುಂದೆ ನುಗ್ಗುತ್ತಾರೆಂದು ವಿಶ್ವನಾಥ ಹೊನ್ನಮ್ಮನನ್ನು ಹುಡುಕಿಕೊಂಡು ಬಂದಿದ್ದ. ಕಳ್ಳರ ಕಣ್ಣಿಗೆ ಬೀಳದೆ ಉಳಿದ ಒಂದೇ ಒಂದು ಮುಚ್ಚಳವನ್ನೂ ಅವಳ ಕೈಗೆ ಕೊಟ್ಟಿದ್ದ.

ಸಂಜಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮಿರ್ಜಾನದ ನಾಗಿ."

"ಯಾವ ನಾಗಿ?"

"ಹೊಳೆಯಲ್ಲಿ ಬಳಚು ಚಿಪ್ಪು ಹೆಕ್ಕೂ ಮನೆಯವ್ಳು. ಒಂದಿಪ್ಪತ್ತು ದಿನದ ಹಿಂದೆ ಇಂಥದ್ದೇ ಮುಚ್ಚಳ ಹಿಡ್ಕಂಡು ಅಂಗಡಿಗೆ ಬಂದ್ಳು. ನಾ ಒತ್ತಿದೆ, ಎತ್ತಿದೆ, ಅಂಗಿ ಮೇಲೆ ಹನಿ ಬಿತ್ತು. ಆಗ ಅವ್ಳು ಬೈದದ್ದು ಕೇಳ್ಬೇಕಾಗಿತ್ತು ನೀವು. 'ಬಿಡೂ ಮೊದ್ಲು ಎಂತಕ್ಕೆ ಎತ್ತೂದು? ಬೋರಲು ಇದ್ದಾಗ್ಲೇ ಕೈ ಬಿಡಿ, ಎರಡು ಎಣಿಸಿ, ಆಮೇಲೆ ಎತ್ತಿ' ಅಂದ್ಳು. ಬಳಚನ್ನ ಬೋಗುಣಿ ನೀರಿಗೆ ಹಾಕಿಟ್ರೆ ಪಿಚಕ್ಕ ಅಂತ ನೀರು ಉಗುಳಿ ಬಾಯಿ ಮುಚ್ಕಂತದಲ್ಲ, ಹಾಂಗೇ ಇದೂ ಅಂತಂದ್ಳು. ಕೈ ಬಿಟ್ಕೂಡ್ಲೇ ಬಾಟ್ಲಿ ಗಾಳಿ ಎಳ್ಕಂತದೆ, ಬಾಯಲ್ಲಿ ನಿಂತ ಹನಿ ಅದ್ರ ಸಂಗ್ತಿಗೇ ಒಳಗೆ ಹೋತದೆ. ಮೊದ್ಲೇ ಎತ್ತಿದ್ರೆ ಅದು ಹೊರಗೇ ಉಳೀತದೆ. ಹತ್ತು ಸಲ ಮಾಡಿಸಿದ್ಳು ನನ್ನ ಹತ್ರ."

ಹೊನ್ನಮ್ಮ ಬಾಟ್ಲಿಯನ್ನು ಎತ್ತಿಕೊಂಡು ಖಾಲಿ ತಟ್ಟೆಯ ಮೇಲೆ ತಾನೇ ಮಾಡಿ ನೋಡಿದಳು. ಒತ್ತಿದಳು, ಬಿಟ್ಟಳು, ಎಣಿಸಿದಳು, ಎತ್ತಿದಳು. ಮುಚ್ಚಳದ ನೆತ್ತಿಗೆ ಬೆರಳು ಹಚ್ಚಿದರೆ ಒಣಗಿದ ಹಾಗೇ ಇತ್ತು. ಎಂಟು ದಿನ ಆ ಬಡಪಾಯಿ ಮುಚ್ಚಳವನ್ನು ಸುಮ್ಮನೆ ಬೈದೆನಲ್ಲ ಎಂದು ಅವಳಿಗೆ ನಗು ಬಂತು.

ಆದರೂ ಒಂದು ಲೆಕ್ಕ ಚುಚ್ಚಿತು. ಕಳುವಾಗಿ ಎಂಟು ದಿನ. ನಾಗಿ ಇಲ್ಲಿಗೆ ಬಂದು ಇಪ್ಪತ್ತು ದಿನ. ಮೊದಲು ಮುಚ್ಚಳ ಲಪಟಾಯಿಸಿ, ಆಮೇಲೆ ಅಚ್ಚಿಗೆ ಕೈ ಹಾಕಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಂಟು ದಿನ ಊರೂರು ಸುತ್ತಿದ ಮೇಲೆ ಕಳ್ಳಿಯ ಹೆಸರು ಸಿಕ್ಕ ಖುಷಿ ಅವಳ ಬುದ್ಧಿಯನ್ನು ಸ್ವಲ್ಪ ಮಂಕು ಮಾಡಿತ್ತು.

"ಅಚ್ಚು ಎಲ್ಲಿಟ್ಟಿದ್ದಾಳೆ?"

"ಅಕ್ಕಿ ಡಬ್ಬಿಯಲ್ಲಿ ಅಂತ ಮೊನ್ನೆ ಫೋನಲ್ಲಿ ಅಂದಿದ್ಳು. ಶನಿವಾರ ಹುಬ್ಬಳ್ಳಿಯ ಪೇಟೆಂಟ್ ವಕೀಲರ ಹತ್ರ ನಾನೇ ಕರ್ಕಂಡು ಹೋಗೂದು ಅಂತ ಮಾತಾಗಿತ್ತು. ಅಕ್ಕಾ, ಆ ಹೆಂಗ್ಸನ್ನ ನೋಡಿದ್ರೆ ಕಳ್ಳಿ ಅನ್ನಿಸೂದಿಲ್ಲ. ಒಂದ್ಸಲ ಅವ್ಳ ಮಾತೂ ಕೇಳಿ."

"ಕಳ್ಳರು ಹಣೆ ಮೇಲೆ ಬರ್ಕಂಡು ತಿರುಗೂದಿಲ್ಲ" ಎಂದು ಹೊನ್ನಮ್ಮ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಬಸ್‌ಸ್ಟ್ಯಾಂಡಿಗೆ ಬಂದವಳೇ ವಿಶ್ವನಾಥನಿಗೆ ಫೋನು ಮಾಡಿದಳು. ಹೊರಡುವಾಗ ಸಂಜಯನಿಂದ ಕೇಳಿಕೊಂಡ ಮನೆಯ ಗುರುತನ್ನೂ ಸೇರಿಸಿ ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮಿರ್ಜಾನದ ನಾಗಿ, ಕೋಟೆ ದಾಟಿ ಹೊಳೆ ಕಡೆ ಇಳಿದರೆ ಮೂರನೇ ಮನೆ, ಇರುವವಳು ಒಬ್ಬಳೇ, ಅಚ್ಚು ಅಕ್ಕಿ ಡಬ್ಬಿಯಲ್ಲಿ.

"ನಾಗಿಯಾ?" ಎಂದ ವಿಶ್ವನಾಥ.

"ಗೊತ್ತಿದ್ದವ್ಳಾ?"

"ನಮ್ಮ ಕಾರ್ಖಾನೆಯಲ್ಲಿ ರಬ್ಬರಿನ ಅಂಚು ಕತ್ತರಿಸ್ತಾ ಇದ್ಳು. ಹೋದ ತಿಂಗಳು ಬಿಟ್ಳು."

"ಕೆಲ್ಸದವ್ರ ಹೆಸ್ರು ಬರ್ಸೂವಾಗ ಈ ಹೆಸ್ರು ನೀವು ಹೇಳೇ ಇಲ್ವಲ್ಲ."

"ಮರ್ತೇ ಹೋತು ಹೊನ್ನಮ್ಮಕ್ಕ. ಅಂಥಾ ಮುಖ್ಯದ ಜನ ಅಲ್ಲ ಅವ್ಳು. ಈಗ ನೀವು ಸೀದಾ ಮಿರ್ಜಾನಕ್ಕೆ ಹೋಗ್ಬೇಡಿ. ಹೊನ್ನಾವರದಲ್ಲಿ ನಿಮ್ಮನೆಯಲ್ಲೇ ಇರಿ. ನಾನೇ ಬತ್ತೆ, ಒಟ್ಟಿಗೆ ಹೋಗ್ವ."

ಬಸ್ಸಿನಲ್ಲಿ ಕೂತ ಮೇಲೆ ಹೊನ್ನಮ್ಮನಿಗೆ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಕಿರಿಕಿರಿ ಮಾಡಿತು. ಕಾರ್ಖಾನೆಯಲ್ಲಿರುವುದೇ ಏಳು ಜನ. ವಾಚ್‌ಮನ್ನನ ಭಾವನ ಹೆಸರನ್ನೂ ಬರೆಸಿದ ಮನುಷ್ಯ ಇವಳೊಬ್ಬಳನ್ನು ಮರೆತನಂತೆ. ಶರಾವತಿ ಸೇತುವೆ ಬರುವವರೆಗೂ ಅವಳು ಅದನ್ನೇ ನುಂಗಲು ನೋಡಿದಳು, ಇಳಿಯಲಿಲ್ಲ.

ಹತ್ತೂಕಾಲಿಗೆ ವಿಶ್ವನಾಥನ ಕಾರು ಅವಳ ಮನೆಯ ಮುಂದೆ ನಿಂತಿತು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಮೂರು ವರ್ಷದ ಕೆಲಸ ಕಳೆದುಕೊಂಡವನ ಮುಖದಲ್ಲಿ ಇವತ್ತು ಮದುವೆ ಮನೆಗೆ ಹೊರಟ ಕಳೆ.

"ಬೆಳಿಗ್ಗೆಯಿಂದ ಹೊಟ್ಟೆಗೆ ಎಂತದೂ ಬಿದ್ದಿಲ್ಲ ಅಕ್ಕಾ" ಎಂದು ತಾನಾಗಿಯೇ ಊಟದ ಮೇಜಿಗೆ ಹೋಗಿ ಕೂತ.

"ಮಿರ್ಜಾನಕ್ಕೆ ಹೊರಡ್ಬೇಕಿತ್ತಲ್ಲ?"

"ಹೋಗ್ವ, ಹೋಗ್ವ. ಓಡಿ ಹೋತದಾ ಮಿರ್ಜಾನ?"

ಹಿಟ್ಟು ಉಳಿದಿತ್ತು. ಹೊನ್ನಮ್ಮ ಕಾವಲಿ ಇಟ್ಟು ದೋಸೆ ಹೊಯ್ದು ತಂದಳು. ಚಟ್ನಿ ಮುಗಿದಿದ್ದರಿಂದ ಚೀಲದಲ್ಲಿದ್ದ ಬೆಲ್ಲದ ಬಾಟ್ಲಿಯನ್ನೇ ತೆಗೆದು ಅವನ ಮುಂದಿಟ್ಟಳು. ಪರೀಕ್ಷೆ ಮಾಡುವ ಯೋಚನೆ ಅವಳ ತಲೆಯಲ್ಲಿ ಇರಲೇ ಇಲ್ಲ. ಅವನದ್ದೇ ಮುಚ್ಚಳ, ಅವನಿಗೇನು ಪರೀಕ್ಷೆ?

ವಿಶ್ವನಾಥ ಬಾಟ್ಲಿ ಬೋರಲು ಮಾಡಿ ಒತ್ತಿದ. ಒತ್ತಿ ಹಿಡಿದ ಹಾಗೇ ನೆಟ್ಟಗೆ ಎತ್ತಿದ.

ಮುಚ್ಚಳದ ನೆತ್ತಿಯ ಮೇಲೆ ಉಬ್ಬಿ ನಿಂತ ಕಂದು ಹನಿ ಬದಿಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಅವನು ತೋರುಬೆರಳಿನಿಂದ ಮುಚ್ಚಳ ಒರೆಸಿದ. ಬೆರಳು ನೆಕ್ಕಿದ.

ಸಟ್ಟುಗ ಹಿಡಿದು ನಿಂತ ಹೊನ್ನಮ್ಮನ ಕಣ್ಣು ಆ ಬೆರಳಿನ ಮೇಲೇ ನಿಂತಿತು.

ಹಸಿದಿದ್ದಾನೆ, ಅವಸರ, ಹಾಗಾಗಿ ತಪ್ಪಿರಬೇಕು. ಹಾಗೆಂದುಕೊಂಡು ಇನ್ನೊಂದು ದೋಸೆ ತಂದು ಹಾಕಿದಳು. ಈ ಸಲ ಕಣ್ಣು ಕೀಳದೆ ನೋಡಿದಳು. ಮತ್ತೆ ಅದೇ. ಒತ್ತಿದ, ಎತ್ತಿದ, ಹನಿ ಬಿತ್ತು, ಒರೆಸಿದ, ನೆಕ್ಕಿದ. ಎಂಟು ದಿನ ತಾನು ಮಾಡಿದ್ದನ್ನೇ ಅವನೂ ಮಾಡಿದ.

"ಹನಿ ಬಿತ್ತಲ್ಲ ವಿಶ್ವನಾಥರೇ?" ದನಿಯನ್ನು ಆದಷ್ಟು ಹಗುರವಾಗಿಟ್ಟುಕೊಂಡು ಕೇಳಿದಳು.

"ಬೀಳ್ತದೆ ಅಕ್ಕಾ. ಅದೊಂದು ಹನಿ ಬೀಳೂದೇ. ಬ್ರಹ್ಮ ಬಂದು ಮುಚ್ಚಳ ಮಾಡಿದ್ರೂ ಅದನ್ನ ತಪ್ಸೂಕಾಗೂದಿಲ್ಲ. ಗಿರಾಕಿಗೆ ನೋಡೂಕೆ ಚಂದ ಇದ್ರೆ ಸಾಕು."

ಹೊನ್ನಮ್ಮ ಮೇಜಿನ ಮೇಲೆ ಬಿದ್ದ ಹನಿಯನ್ನು ನೋಡಿದಳು. ಆ ಒಂದು ಹನಿ ಬೀಳಬಾರದೆಂದೇ ಅಲ್ಲವೇ ಆ ಅಚ್ಚು ಹುಟ್ಟಿದ್ದು? ನೂರಾನಲವತ್ತು ಬಿಲ್ಲೆ ಸೀಳಿ ಸೀಳಿ ಎಸೆದ ಕತೆಯನ್ನು ಇದೇ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡು ಹೇಳಿರಲಿಲ್ಲವೇ? ಬಿಲ್ಲೆ ಸೀಳಿದವರಿಗೆ ಅದು ಹೇಗೆ ಬಾಯಿ ಮುಚ್ಚುತ್ತದೆಂದು ಗೊತ್ತಿರಲೇಬೇಕು.

"ಸೀಳು ಎಷ್ಟು ಉದ್ದ ಇರ್ಬೇಕು ಹೇಳಿದ್ರಿ?"

"ಅದೆಲ್ಲ ಪುಸ್ತಕದಲ್ಲಿ ಉಂಟು."

"ಸುಮಾರಿಗೆ?"

"ಪುಸ್ತಕ ಸಿಕ್ಕಿದ ಮೇಲೆ ನೋಡ್ವ ಅಂದ್ನಲ್ಲ." ಅವನು ತಲೆ ಎತ್ತಿದ. ಕಣ್ಣಲ್ಲಿದ್ದ ಮದುವೆ ಮನೆಯ ಕಳೆ ಇಳಿದಿತ್ತು. "ಎಂತಕ್ಕೆ ಅದೆಲ್ಲ ಈಗ?"

"ಸುಮ್ನೆ. ನಂಗೆ ಇಂಥದ್ದೆಲ್ಲ ತಿಳಿಯೂದಿಲ್ಲ."

ಅವಳು ಒಲೆ ಆರಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಕಳೆದುಕೊಂಡವನು ಇವನಲ್ಲ. ರಬ್ಬರಿನ ಅಂಚು ಕತ್ತರಿಸುತ್ತಿದ್ದ ಹೆಂಗಸು, ಮುಖ್ಯದ ಜನ ಅಲ್ಲವೆಂದು ಇವನು ಹೆಸರು ನುಂಗಿದ ಹೆಂಗಸು, ಬಿಲ್ಲೆ ಸೀಳಿದವಳು ಅವಳು. ತನ್ನ ಕೆಲಸವನ್ನು ಇವನು ತನ್ನ ಹೆಸರಿಗೆ ಬರೆಸಿಕೊಳ್ಳುವ ಮೊದಲು ಅಚ್ಚನ್ನು ಎತ್ತಿಕೊಂಡು ಹೋದವಳು. ಅವಳು ಅಡಗಿಸಿಟ್ಟ ಜಾಗವನ್ನು ಇವನಿಂದ ಕಂಡುಹಿಡಿಯಲಾಗಲಿಲ್ಲ, ಅದಕ್ಕೆ ಒಬ್ಬ ಪೊಲೀಸಮ್ಮ ಬೇಕಾಯಿತು.

ಪೊಲೀಸಮ್ಮ ಹುಡುಕಿಯೂ ಕೊಟ್ಟಳು. ಮನೆ ಎಷ್ಟನೆಯದು, ಡಬ್ಬಿ ಯಾವುದು, ಒಂದನ್ನೂ ಬಿಡದೆ. ಹೊನ್ನಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಕಳ್ಳನ ಕೈಗೆ ಬೀಗದ ಕೈ ಕೊಟ್ಟಿರಲಿಲ್ಲ.

"ಏಳಿ, ಹೊರಡ್ವ" ಎಂದಳು. ಅವನಿಗಿಂತ ಮೊದಲು ಆ ಮನೆಯ ಬಾಗಿಲಲ್ಲಿ ತಾನು ನಿಲ್ಲಬೇಕೆಂಬುದೊಂದೇ ಅವಳ ತಲೆಯಲ್ಲಿತ್ತು.

ವಿಶ್ವನಾಥ ನಕ್ಕ. "ಕೂತ್ಕಳಿ ಅಕ್ಕಾ. ನಮ್ಮ ಕಾರ್ಖಾನೆಯ ಈರ ಮತ್ತೆ ಇಬ್ರು ಜೀಪು ತಕಂಡು ಆಗ್ಲೇ ಹೋಗಾತು. ನೀವು ಫೋನಿಟ್ಟದ್ದೇ ಹೊರಡ್ಸಿದೆ. ನಿಮ್ಮ ಕೆಲ್ಸ ಮುಗೀತು."

ಒಟ್ಟಿಗೆ ಹೋಗುವ ಎಂದದ್ದು ತನ್ನನ್ನು ಮನೆಯಲ್ಲಿ ಕೂರಿಸಲಿಕ್ಕೆ. ದೋಸೆ ತಿಂದದ್ದು ಹೊತ್ತು ಕಳೆಯಲಿಕ್ಕೆ. ಹೊನ್ನಮ್ಮನಿಗೆ ಈಗ ಎಲ್ಲ ಸರಿಯಾಗಿ ತಿಳಿಯಿತು, ತಡವಾಗಿ.

ಮೇಜಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು.

"ಹಾಂ ಈರ, ಸಿಕ್ತಾ?" ಎಂದ ವಿಶ್ವನಾಥ. ಕೇಳುತ್ತ ಕೇಳುತ್ತ ಅವನ ಮುಖ ಗಂಟಾಯಿತು. "ಪೂರಾ ಚೆಲ್ಲಿ ನೋಡಿದ್ರಾ? ಡಬ್ಬಿ ಅಡಿಯಲ್ಲಿ? ಮತ್ತೆ ಅವ್ಳೆಲ್ಲಿ?... ಬಸ್ಸಾ? ಯಾವ ಕಡೆ ಬಸ್ಸು? ಪಕ್ಕದ ಮನೆಯವ್ರನ್ನ ಸರೀ ಕೇಳು ಮಾರಾಯ!"

ಅವಳು ಸಿಗಲಿಲ್ಲ. ಹೊನ್ನಮ್ಮನಿಗೆ ಎದೆಯ ಮೇಲಿನ ಅರೆಯುವ ಕಲ್ಲು ಇಳಿಸಿದ ಹಾಗಾಯಿತು. ಎಲ್ಲಿಗಾದರೂ ಹೋಗಿರಲಿ, ಗೋವೆಗೋ ಕಾರವಾರಕ್ಕೋ, ಈ ಮನುಷ್ಯನ ಕೈಗೆ ಸಿಗದಷ್ಟು ದೂರ ಹೋಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಅಂಗಳದ ಬೇಲಿಬಾಗಿಲಿನ ದಣಪೆ ಸರಿದ ಸದ್ದಾಯಿತು.

"ಹೊನ್ನಮ್ಮಕ್ಕನ ಮನೆ ಇದೇ ಅಲ್ದಾ?"

ಬಿಸಿಲಿನಲ್ಲಿ ನಡೆದು ಬಂದ ಹೆಂಗಸೊಬ್ಬಳು ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿ ಒಳಗೆ ಬಂದಳು. ವಯಸ್ಸು ನಲವತ್ತರ ಹತ್ತಿರ. ಕೈ ಬೆರಳುಗಳ ತುಂಬ ಬ್ಲೇಡು ತಾಗಿದ ಹಳೆಯ ಗೀರುಗಳು. ಬಗಲಲ್ಲಿ ಭಾರದ ಬಟ್ಟೆ ಚೀಲ. ಹೊರಗಿನ ಬೆಳಕಿನಿಂದ ಬಂದವಳಿಗೆ ಒಳಗಿನ ಮೇಜು ಇನ್ನೂ ಕಾಣುತ್ತಿರಲಿಲ್ಲ.

ಹೊನ್ನಮ್ಮ ಕಣ್ಣು ಮಾಡಿದಳು, ತಲೆ ಅಲ್ಲಾಡಿಸಿದಳು. ಬಂದವಳು ಗಮನಿಸಲಿಲ್ಲ.

"ನಾ ನಾಗಿ, ಮಿರ್ಜಾನದವ್ಳು. ಭಟ್ಕಳದ ಸಂಜಯಣ್ಣ ಬೆಳಿಗ್ಗೆ ಫೋನು ಮಾಡಿದ್ರು. 'ಓಡಿ ಹೋಗ್ಬೇಡ, ಆ ಅಕ್ಕ ನ್ಯಾಯದವ್ಳು, ಹೋಗಿ ಇದ್ದದ್ದು ಇದ್ದಾಂಗೆ ಹೇಳು' ಅಂದ್ರು. ಅದ್ಕೇ ಬಂದೆ. ಅಚ್ಚೂ ತಂದೆ, ನಾ ಬರ್ದ ಪುಸ್ತಕವೂ..."

ಮಾತು ಅರ್ಧಕ್ಕೆ ನಿಂತಿತು. ಮೇಜಿನ ಹಿಂದೆ ಕೂತವನು ಅವಳಿಗೆ ಕಂಡ. ಅವಳು ಚೀಲವನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಳು. ಅವನನ್ನು ನೋಡಿದ ಕಣ್ಣು ಹಾಗೇ ಹೊನ್ನಮ್ಮನ ಕಡೆ ತಿರುಗಿತು.

"ಇವ್ರಿಗೆ ಹೇಳಿದ್ದು ನೀವೇಯಾ ಅಕ್ಕಾ?"

ಹೊನ್ನಮ್ಮ ಹೌದೆಂದು ತಲೆಯಾಡಿಸಿದಳು.

ವಿಶ್ವನಾಥ ಎದ್ದ. ಅವಸರವಿಲ್ಲದೆ ನಾಗಿಯನ್ನು ದಾಟಿ ಮುಂಬಾಗಿಲಿನವರೆಗೆ ಹೋದ. ಬಾಗಿಲು ಹಾಕಿ ಒಳಗಿನಿಂದ ಚಿಲಕ ಸರಿಸಿದ.